ಅಪ್ಪು ತೀರಿಕೊಂಡ ವಾರ ಟಿಆರ್‌ಪಿ ಎಷ್ಟಿತ್ತು?

ಲೈವ್ ಕಾರ್ಯಕ್ರಮ, ಬ್ರೇಕಿಂಗ್ ನ್ಯೂಸ್ ಮತ್ತು ಟಿಆರ್‌ಪಿ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿವು. ಮನರಂಜನಾ ಚಾನೆಲ್‌ನ ಶೆಡ್ಯೂಲಿಂಗ್ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದ ತಜ್ಞರು ಉತ್ತರಿಸಿದ್ದಾರೆ.

ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಮ್ಮ ಮನೆಯಲ್ಲಿ ಮೂರು ದಿನ ನ್ಯೂಸ್ ಬಿಟ್ಟು ಬೇರೇನೂ ಹಾಕಲಿಲ್ಲ. ಆ ವಾರ ನ್ಯೂಸ್ ಚಾನೆಲ್‌ಗಳಿಗೆ ಭಾರಿ ಟಿಆರ್‌ಪಿ ಬಂದಿರಬೇಕು ಅಲ್ವಾ? ಅದಕ್ಕೇ ಅಷ್ಟು ತೋರಿಸಿದರಾ?
— ಓದುಗರು, ಹಾಸನ

ಆ ವಾರ ಯಾವ ನ್ಯೂಸ್ ಚಾನೆಲ್‌ಗೂ ಟಿಆರ್‌ಪಿ ಬರಲೇ ಇಲ್ಲ. ಜನ ನೋಡಲಿಲ್ಲ ಅಂತಲ್ಲ, ಲೆಕ್ಕ ಹೊರಗೆ ಬರುತ್ತಿರಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಟಿಆರ್‌ಪಿ ತಿರುಚಿದ ಆರೋಪದ ಪ್ರಕರಣ ಕೈಗೆತ್ತಿಕೊಂಡರು. ಅದಾದ ಮೇಲೆ ರೇಟಿಂಗ್ ಅಳೆಯುವ ಬಾರ್ಕ್ ಸಂಸ್ಥೆ ಸುದ್ದಿ ಚಾನೆಲ್‌ಗಳ ಬಿಡಿ ಬಿಡಿ ಅಂಕಿ ಕೊಡುವುದನ್ನು ನಿಲ್ಲಿಸಿತು. ಮತ್ತೆ ಶುರು ಮಾಡಿದ್ದು 2022ರ ಮಾರ್ಚ್‌ನಲ್ಲಿ. ಅಪ್ಪು ಹೋಗಿದ್ದು 2021ರ ಅಕ್ಟೋಬರ್ 29ರಂದು, ನಡುವಿನ ಆ ಖಾಲಿ ಕಾಲದಲ್ಲಿ.

ಒಂದು ವೇಳೆ ಅಂಕಿ ಬರುತ್ತಿದ್ದರೂ ನೀವು ಅಂದುಕೊಂಡಷ್ಟು ಸರಳವಾಗಿ ಇರುತ್ತಿರಲಿಲ್ಲ. ಬಾರ್ಕ್ ವಾರ ಶನಿವಾರಕ್ಕೆ ಶುರುವಾಗಿ ಶುಕ್ರವಾರಕ್ಕೆ ಮುಗಿಯುತ್ತದೆ. ಅಪ್ಪು ಹೋಗಿದ್ದು ಶುಕ್ರವಾರ ಮಧ್ಯಾಹ್ನ. ಕಂಠೀರವ ಸ್ಟುಡಿಯೋದಲ್ಲಿ ಅಂತ್ಯಕ್ರಿಯೆ ಆಗಿದ್ದು ಭಾನುವಾರ ಬೆಳಿಗ್ಗೆ. ನಾಡಿಗೆ ನಾಡೇ ಒಂದೇ ಸಮ ಅತ್ತ ಆ ಮೂರು ದಿನ ಲೆಕ್ಕದಲ್ಲಿ ಎರಡು ವಾರಕ್ಕೆ ಹರಿದು ಹೋಗುತ್ತಿದ್ದವು. ಇನ್ನೊಂದು ವಿಷಯ. 2022ರಲ್ಲಿ ಮತ್ತೆ ಶುರುವಾದಾಗ ಸುದ್ದಿ ಚಾನೆಲ್‌ಗಳಿಗೆ ನಾಲ್ಕು ವಾರದ ಸರಾಸರಿ ಕೊಡುವ ಪದ್ಧತಿ ಬಂತು. ಅಂಥ ಲೆಕ್ಕದಲ್ಲಿ ಒಂದು ದಿನದ ಏರಿಕೆ 28 ದಿನಕ್ಕೆ ಹಂಚಿಹೋಗುತ್ತದೆ.

ಹಾಗಾದರೆ ಯಾಕೆ ಅಷ್ಟು ತೋರಿಸಿದರು? ಪಕ್ಕದ ಚಾನೆಲ್ ತೋರಿಸುತ್ತಿರುವಾಗ ತಾನು ಬಿಟ್ಟರೆ ಜನ ಅತ್ತ ಹೋಗುತ್ತಾರೆ ಎಂಬ ಭಯ ಅಂಕಿ ಇಲ್ಲದಾಗಲೂ ಇರುತ್ತದೆ. ಆದರೆ ಅಷ್ಟೇ ಅಲ್ಲ. ಆ ದಿನ ಚಾನೆಲ್ ಒಳಗಿದ್ದವರೂ ಅಳುತ್ತಿದ್ದರು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮದು ಮನರಂಜನಾ ಚಾನೆಲ್. ನನ್ನ ಮೇಜಿನ ಮೇಲೆ ಎಫ್‌ಪಿಸಿ ಹಾಳೆ ಇತ್ತು. ಯಾವ ಅರ್ಧ ಗಂಟೆಗೆ ಏನು ಪ್ರಸಾರ ಅಂತ ಬರೆದ ಚೌಕಗಳ ಪಟ್ಟಿ ಅದು. ದೀಪಾವಳಿಗೆ ಇನ್ನು ಆರೇ ದಿನ. ವರ್ಷದಲ್ಲೇ ಜಾಸ್ತಿ ಜಾಹೀರಾತು ಬರುವ ಹೊತ್ತು. ಪ್ರತಿ ಬ್ರೇಕ್‌ನಲ್ಲೂ ಒಡವೆ, ಸೀರೆ, ನಗುವ ಮನೆಮಂದಿ, ಸುರುಸುರುಬತ್ತಿ. ಸಾವಿನ ಸುದ್ದಿ ಖಚಿತವಾದ ಮೇಲೆ ನಾವು ಮೊದಲು ಮುಟ್ಟಿದ್ದು ಸೀರಿಯಲ್‌ಗಳನ್ನಲ್ಲ, ಈ ಬ್ರೇಕ್‌ಗಳನ್ನು. ಸಂಜೆಯ ಕಾಮಿಡಿ ಪ್ರೋಮೋಗಳನ್ನೆಲ್ಲ ತೆಗೆದೆವು. ಆಮೇಲೆ ಹಾಳೆಯ ಚೌಕಗಳ ಮೇಲೆ ಒಂದೊಂದಾಗಿ ಕೆಂಪು ಗೆರೆ ಎಳೆದು, ಅವರ ಸಿನಿಮಾದ ಹೆಸರು ಬರೆದೆ. ಆ ಗೆರೆ ನೇರ ಬಂದಿರಲಿಲ್ಲ.

ಆರ್‌ಸಿಬಿ ಮ್ಯಾಚ್ ಇರುವ ದಿನ ಸೀರಿಯಲ್ ಕಥೆ ಮುಂದೆ ಹೋಗುವುದೇ ಇಲ್ಲ ಅಂತ ಅಮ್ಮ ಬೈಯುತ್ತಾರೆ. ಬೇಕಂತಲೇ ಎಳೆಯುತ್ತಾರಾ?
— ಓದುಗರು, ದಾವಣಗೆರೆ

ಅಮ್ಮನ ಲೆಕ್ಕ ಸರಿ ಇದೆ. ಐಪಿಎಲ್ ರಾತ್ರಿ ಪಂದ್ಯ ಶುರುವಾಗುವುದು 7.30ಕ್ಕೆ. ಸೀರಿಯಲ್‌ಗಳ ಪ್ರೈಮ್ ಟೈಮ್ ಕೂಡ ಅದೇ. ಪಂದ್ಯಗಳ ಪಟ್ಟಿ ಮೊದಲೇ ಕೈಗೆ ಬಂದಿರುತ್ತದೆ. ಮದುವೆ ಮುರಿಯುವುದು, ಗುಟ್ಟು ಬಯಲಾಗುವುದು ಇಂಥ ಕಂತುಗಳನ್ನು ಆರ್‌ಸಿಬಿ ಆಡುವ ದಿನ ಇಡಬೇಡಿ ಅಂತ ನಾವೇ ಬರಹಗಾರರಿಗೆ ಹೇಳುತ್ತಿದ್ದೆವು.

ಇದರ ಹಿಂದಿನ ಲೆಕ್ಕ ಗೊತ್ತಿದ್ದರೆ ಅರ್ಥ ಆಗುತ್ತದೆ. ರೇಟಿಂಗ್ ಅಂದರೆ ಎಷ್ಟು ಜನ ಆ ಚಾನೆಲ್ ಹಾಕಿದರು ಅನ್ನುವುದಲ್ಲ. ನಿಮಿಷಕ್ಕೆ ಸರಾಸರಿ ಎಷ್ಟು ಜನ ಇದ್ದರು ಅನ್ನುವುದು. ಒಂದು ಉದಾಹರಣೆ ಇಟ್ಟುಕೊಳ್ಳೋಣ. 100 ಜನ ಅರ್ಧ ಗಂಟೆಯ ಕಂತನ್ನು ಪೂರ್ತಿ ನೋಡಿದರೆ ಸರಾಸರಿ 100. ಅವರಲ್ಲಿ 40 ಜನ ಕ್ರಿಕೆಟ್ ನೋಡುತ್ತಾ ಕೂತು, ಕೊನೆಯ 10 ನಿಮಿಷಕ್ಕೆ ಮಾತ್ರ ಬಂದರು ಅನ್ನಿ. ಕಂತನ್ನು ನೋಡಿದವರು ಆಗಲೂ 100 ಜನವೇ. ಆದರೆ ಸರಾಸರಿ ಸುಮಾರು 73ಕ್ಕೆ ಇಳಿಯುತ್ತದೆ. ಒಂದೇ ಟಿವಿ, ಒಂದೇ ರಿಮೋಟ್ ಇರುವ ಮನೆಯಲ್ಲಿ ನಡೆಯುವುದೇ ಇದು. ಆಟದ ನಡುವೆ ಎರಡೂವರೆ ನಿಮಿಷದ ವಿರಾಮ, ಅಂದರೆ ಸ್ಟ್ರಾಟೆಜಿಕ್ ಟೈಮ್‌ಔಟ್ ಬಂದಾಗ ಅಮ್ಮನ ಕೈಗೆ ರಿಮೋಟ್ ಸಿಗುತ್ತದೆ. ಇನಿಂಗ್ಸ್ ಮುಗಿದಾಗ ಇನ್ನಷ್ಟು ಹೊತ್ತು. ಅದಕ್ಕೇ ಒಂಬತ್ತರ ಆಸುಪಾಸಿನ ಸೀರಿಯಲ್‌ಗೆ ಏಳೂವರೆಯದಕ್ಕಿಂತ ಪೆಟ್ಟು ಕಡಿಮೆ ಅನ್ನುವುದು ನನ್ನ ಅನುಭವ.

ಆದರೆ ಮ್ಯಾಚ್ ದಿನದ ಇಳಿತಕ್ಕೆ ನಾವು ಅಷ್ಟಾಗಿ ಹೆದರುತ್ತಿರಲಿಲ್ಲ. ಹೆದರಿಕೆ ಇದ್ದದ್ದು ಮರುದಿನದ್ದು. ಸೀರಿಯಲ್ ನಿಂತಿರುವುದು ಅಭ್ಯಾಸದ ಮೇಲೆ. ಕುಕ್ಕರ್ ಕೂಗಿಸಿ, ಅನ್ನಕ್ಕೆ ಮುಚ್ಚಳ ಮುಚ್ಚಿ, ಬಂದು ಕೂರುವ ಆ ಹೊತ್ತು ನಮಗೆ ಬೇಕು. ಎರಡು ತಿಂಗಳು ಆ ಹೊತ್ತು ತಪ್ಪಿದರೆ ಕೆಲವರು ಮತ್ತೆ ಬರುವುದೇ ಇಲ್ಲ. ಹಾಗಾಗಿ ಹೊಸ ಸೀರಿಯಲ್ ಶುರು ಮಾಡುವಾಗ ನಾವು ಐಪಿಎಲ್ ಮುಗಿಯಲಿ ಅಂತ ಕಾದದ್ದೇ ಜಾಸ್ತಿ.

2025ರ ಜೂನ್ 4ರಂದು ಒಂದು ಕಡೆ ವಿಧಾನಸೌಧದಲ್ಲಿ ಆರ್‌ಸಿಬಿ ಸನ್ಮಾನ, ಇನ್ನೊಂದು ಕಡೆ ಚಿನ್ನಸ್ವಾಮಿ ಕ್ರೀಡಾಂಗಣದ ಕಾಲ್ತುಳಿತದ ಸುದ್ದಿ. ಇಂಥ ಹೊತ್ತಲ್ಲಿ ಸಂಭ್ರಮದ ಲೈವ್ ತಕ್ಷಣ ನಿಲ್ಲಿಸಲು ಆಗೋದಿಲ್ವಾ?
— ಓದುಗರು, ಬೆಂಗಳೂರು

ಬಟನ್ ಒತ್ತಿದರೆ ಒಂದು ಸೆಕೆಂಡಿನ ಕೆಲಸ. ಒತ್ತುವ ತೀರ್ಮಾನಕ್ಕೆ ಹೊತ್ತು ಹಿಡಿಯುತ್ತದೆ.

ಮೊದಲೇ ಗೊತ್ತಿರುವ ಲೈವ್ ಬೇರೆ, ಗೊತ್ತಿಲ್ಲದ್ದು ಬೇರೆ. ಹಿಂದಿನ ರಾತ್ರಿ ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ 6 ರನ್‌ಗಳಿಂದ ಕಪ್ ಗೆದ್ದಾಗಿತ್ತು. ಇಂಥ ಮೆರವಣಿಗೆ, ಸನ್ಮಾನ ಇದೆ ಅಂದರೆ ಸ್ಥಳದಿಂದಲೇ ಲೈವ್ ಕಳಿಸುವ ಓಬಿ ವ್ಯಾನ್‌ಗಳು ವೇದಿಕೆಯ ಹತ್ತಿರ ನಿಂತಿರುತ್ತವೆ. ಒಳ್ಳೆಯ ಕ್ಯಾಮೆರಾ, ಅನುಭವಿ ವರದಿಗಾರರು ಎಲ್ಲ ಅಲ್ಲೇ. ಗೇಟ್ ಹತ್ತಿರದ ಅನಾಹುತ ಮೊದಲು ಬರುವುದು ಯಾರದೋ ಮೊಬೈಲ್ ವಿಡಿಯೋದಲ್ಲಿ, ಯಾರದೋ ಗಾಬರಿಯ ಫೋನಿನಲ್ಲಿ. ಸಾವಾಗಿದೆ ಅಂತ ಪೊಲೀಸರೋ ವೈದ್ಯರೋ ಹೇಳುವ ತನಕ ಹಾಗೆಂದು ಹಾಕುವಂತಿಲ್ಲ. ಈ ಕಾಯುವಿಕೆ ಸರಿಯಾದದ್ದು. ಆತುರಪಟ್ಟು ತಪ್ಪು ಹಾಕಿದರೆ, ಮಗ ಮ್ಯಾಚ್ ಸಂಭ್ರಮಕ್ಕೆ ಹೋಗಿದ್ದಾನೆ ಅಂತ ಟಿವಿ ಮುಂದೆ ಕೂತ ತಾಯಿಯ ಎದೆ ಒಡೆಯುತ್ತದೆ.

ಆದರೆ ಖಚಿತವಾದ ಮೇಲೆ ಒಂದು ನಿಮಿಷವೂ ಸಂಭ್ರಮ ಪರದೆ ಮೇಲೆ ಇರಬಾರದು. ಅವತ್ತು ಸತ್ತವರು 11 ಜನ. ಜನ ಎಷ್ಟು ನೋಡುತ್ತಿದ್ದಾರೆ ಅನ್ನುವುದು ಆ ಹೊತ್ತಿನಲ್ಲಿ ಕಾರಣವೇ ಅಲ್ಲ. ಯಾಕೆಂದರೆ ರೇಟಿಂಗ್ ಆಗಲೇ ಕಾಣಿಸುವುದಿಲ್ಲ. ಅಂಕಿ ಹೊರಬರುವುದು ಮುಂದಿನ ವಾರದ ಗುರುವಾರ. ಆ ಕ್ಷಣಕ್ಕೆ ಕಂಟ್ರೋಲ್ ರೂಮಿನಲ್ಲಿ ಇರುವುದು ಪಕ್ಕದ ಚಾನೆಲ್‌ಗಳ ಪರದೆಗಳು ಮತ್ತು ದೃಶ್ಯ ಬದಲಿಸುವ ಸ್ವಿಚರ್ ಮುಂದೆ ಕೂತವರ ಮನಸ್ಸು.

ದೊಡ್ಡ ಘಟನೆ ನಡೆದಾಗಲೂ ಮನರಂಜನಾ ಚಾನೆಲ್‌ನಲ್ಲಿ ಸುಮ್ನೆ ಸೀರಿಯಲ್ ಓಡುತ್ತಿರುತ್ತದೆ. ಸುದ್ದಿ ಯಾಕೆ ಹೇಳುವುದಿಲ್ಲ?
— ಓದುಗರು, ಉಡುಪಿ

ಹೇಳುವಂತಿಲ್ಲ. ಕೇಂದ್ರ ಸರ್ಕಾರ ಚಾನೆಲ್‌ಗಳಿಗೆ ಅನುಮತಿ ಕೊಡುವಾಗಲೇ ಸುದ್ದಿ ಚಾನೆಲ್, ಸುದ್ದಿಯೇತರ ಚಾನೆಲ್ ಅಂತ ಬೇರೆ ಮಾಡಿ ಕೊಡುತ್ತದೆ. ಎರಡನೇ ಗುಂಪಿನವರು ಕಾರ್ಯಕ್ರಮ ಬದಲಿಸಬಹುದು, ಶ್ರದ್ಧಾಂಜಲಿ ಹಾಕಬಹುದು. ಸುದ್ದಿ ಓದುವಂತಿಲ್ಲ.

ಚಂದ್ರಯಾನ–3 ಇಳಿದಾಗ ನಮ್ಮ ಕಾಲೇಜಿನಲ್ಲಿ ದೊಡ್ಡ ಪರದೆ ಹಾಕಿ ಎಲ್ಲರೂ ನೋಡಿದೆವು. ಅದೂ ಟಿಆರ್‌ಪಿಗೆ ಸೇರುತ್ತದಾ?
— ಓದುಗರು, ತುಮಕೂರು

ಇಲ್ಲ. ವಾರದ ಟಿಆರ್‌ಪಿ ಮನೆಗಳ ಲೆಕ್ಕ. ದೇಶದಲ್ಲಿ ಟಿವಿ ಇರುವ ಮನೆಗಳು 20 ಕೋಟಿಗೂ ಜಾಸ್ತಿ. ಯಾವ ಚಾನೆಲ್ ನೋಡುತ್ತಾರೆ ಅಂತ ದಾಖಲಿಸುವ ಮೀಟರ್ ಇರುವುದು 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ. ಚಾನೆಲ್‌ನ ಧ್ವನಿಯೊಳಗೆ ನಮಗೆ ಕೇಳಿಸದ ಒಂದು ಗುರುತು ಇರುತ್ತದೆ, ಮೀಟರ್ ಅದನ್ನು ಹಿಡಿಯುತ್ತದೆ. ಯಾರು ನೋಡುತ್ತಿದ್ದಾರೆ ಅಂತ ಗೊತ್ತಾಗಲು ಟಿವಿ ಮುಂದೆ ಕೂತ ಮನೆಯವರು ತಮ್ಮ ತಮ್ಮ ಬಟನ್ ಒತ್ತಬೇಕು.

2023ರ ಆಗಸ್ಟ್ 23ರ ಸಂಜೆ 6.04ಕ್ಕೆ ವಿಕ್ರಮ್ ಇಳಿಯಿತು. ಆ ಹೊತ್ತಿಗೆ ಇಸ್ರೋದ ಯೂಟ್ಯೂಬ್ ಚಾನೆಲ್ ಒಂದರಲ್ಲೇ ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಜನ ನೋಡುತ್ತಿದ್ದರು. ಅವರೂ ಟಿಆರ್‌ಪಿಯಲ್ಲಿ ಇಲ್ಲ. ನಿಮ್ಮ ಕಾಲೇಜಿನವರೂ ಇಲ್ಲ. ನಾನು ನೋಡಿದ್ದು ಬೀದಿ ತುದಿಯ ಹೋಟೆಲ್‌ನಲ್ಲಿ. ದೋಸೆ ಹುಯ್ಯುವವರು ಸೌಟು ಕೈಯಲ್ಲಿ ಹಿಡಿದೇ ನಿಂತಿದ್ದರು, ಕಾವಲಿ ಮೇಲಿನ ದೋಸೆ ಸೀದಿತ್ತು. ಯಾರೂ ಏನೂ ಅನ್ನಲಿಲ್ಲ.