ಬೆಳ್ಳಿಯ ಮೊಲವನ್ನು ಮೊದಲು ಮಗುಚಿ ನೋಡಿ

ಜೀವ ಇರುವಂತೆಯೇ ಕಾಣುವ ಬೆಳ್ಳಿಯ ಪ್ರಾಣಿಗಳನ್ನು ಸಂಗ್ರಹಿಸಲು ಹೊರಟಿದ್ದೇನೆ, ಮೊದಲು ನೋಡಬೇಕಾದದ್ದು ಬೆಳ್ಳಿಯ ಶುದ್ಧತೆ ತಿಳಿಸಲು ಒತ್ತಿದ ಮುದ್ರೆಯನ್ನೋ ತೂಕವನ್ನೋ ಎಂದು ಕೇಳಿದ್ದೀರಿ. ಎರಡನ್ನೂ ನೋಡಿ, ಆದರೆ ಆಮೇಲೆ. ಮೊದಲು ಪ್ರಾಣಿಯನ್ನು ಮಗುಚಿ ಹೊಟ್ಟೆ, ಅಂಗಾಲುಗಳನ್ನು ನೋಡಿ. ಬೆನ್ನಿನ ಮೇಲೆ ಎಲ್ಲರೂ ಮೈಬಗ್ಗಿಸಿ ಕೆಲಸ ಮಾಡುತ್ತಾರೆ, ಗಿರಾಕಿಯ ಕಣ್ಣು ಬೀಳುವುದೇ ಅಲ್ಲಿ. ಯಾರೂ ನೋಡದ ತೊಡೆಸಂದಿಯಲ್ಲಿಯೂ ರೋಮದ ದಿಕ್ಕು ಬದಲಾಗಿದ್ದರೆ, ಮಾಡಿದವನಿಗೆ ಆ ಪ್ರಾಣಿ ಗೊತ್ತಿತ್ತು ಎಂದರ್ಥ.

ನನ್ನ ಬಳಿ ಅಂಗೈಯಗಲದ ಒಂದು ಮೊಲವಿದೆ. ಎರಕ ಹೊಯ್ದು, ಆಮೇಲೆ ಸಣ್ಣ ಉಳಿಯಿಂದ ರೋಮ ಬಿಡಿಸಿದ್ದು. ಕತ್ತಿನ ಬಳಿ ಗೀರುಗಳು ಎಳ್ಳಿನಷ್ಟು ಚಿಕ್ಕವು, ಹಿಂಗಾಲಿಗೆ ಬರುವಷ್ಟರಲ್ಲಿ ಉದ್ದವಾಗುತ್ತವೆ. ಕೊಂಡ ಹೊಸತರಲ್ಲಿ ವಾರಕ್ಕೊಮ್ಮೆ ಪಾಲಿಶ್ ಹಚ್ಚಿ ಬ್ರಷ್‌ನಿಂದ ಉಜ್ಜಿದೆ. ಮೂಗು, ಕಿವಿಯ ತುದಿ, ಹುಬ್ಬು ಎಲ್ಲವೂ ಬಳಸಿದ ಸೋಪಿನಂತೆ ನುಣುಪಾದ ಮೇಲೆ ಬುದ್ಧಿ ಬಂತು. ಗೀರುಗಳ ತಳದಲ್ಲಿ ಉಳಿಯುವ ಕಪ್ಪೇ ರೋಮವನ್ನು ರೋಮವಾಗಿ ತೋರಿಸುತ್ತದೆ, ಅದನ್ನು ತೆಗೆಯಬಾರದು. ಬೆಳ್ಳಿಯನ್ನು ಅದ್ದಿ ಕಪ್ಪು ತೆಗೆಯುವ ದ್ರಾವಣಗಳ ಸಹವಾಸವೂ ಬೇಡ. ಗಾಳಿಯಲ್ಲಿರುವ ಗಂಧಕದ ಅನಿಲದಿಂದ ಬೆಳ್ಳಿ ಕಪ್ಪಾಗುತ್ತದೆ, ಉಣ್ಣೆ ಮತ್ತು ರಬ್ಬರ್ ಅದಕ್ಕೆ ಇನ್ನಷ್ಟು ಒತ್ತಾಸೆ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಈ ಹುಚ್ಚು ಹೊಸದೇನಲ್ಲ. ಹದಿನಾರನೆಯ ಶತಮಾನದಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಅಕ್ಕಸಾಲಿಗ ವೆನ್ಸೆಲ್ ಯಾಮ್ನಿಟ್ಸರ್ ನಿಜವಾದ ಹಲ್ಲಿಗಳನ್ನೇ ಅಚ್ಚಿನೊಳಗೆ ಹುದುಗಿಸಿ, ಸುಟ್ಟು ಬೂದಿಮಾಡಿ, ಆ ಟೊಳ್ಳಿಗೆ ಬೆಳ್ಳಿ ಹೊಯ್ಯುತ್ತಿದ್ದ. ಚರ್ಮದ ಹುರುಪೆ ಹುರುಪೆಯೂ ಮೂಡುತ್ತಿತ್ತು. ಆದರೂ ನನಗೆ ಅದಕ್ಕಿಂತ ಇಷ್ಟವಾದದ್ದು ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಬೆಳ್ಳಿ ಕೆಲಸಗಾರ ಜಾನ್ ಶುಪೆ ಮಾಡಿದ ಹಸುವಿನಾಕಾರದ ಕೆನೆಪಾತ್ರೆಗಳು. ಬಾಲ ಬೆನ್ನಿನ ಮೇಲೆ ಸುತ್ತಿ ಹಿಡಿಕೆಯಾಗಿದೆ, ಬಾಯಿಂದ ಕೆನೆ ಸುರಿಯುತ್ತದೆ, ಬೆನ್ನಿನ ಮುಚ್ಚಳವನ್ನು ಎತ್ತಬೇಕಾದರೆ ಅದರ ಮೇಲೆ ಕುಳಿತ ನೊಣವನ್ನು ಹಿಡಿಯಬೇಕು! ಹಸುವನ್ನು ಕಂಡವನಿಗಲ್ಲದೆ ಆ ನೊಣ ಹೊಳೆಯುತ್ತಿರಲಿಲ್ಲ.

ಇನ್ನು ಮುದ್ರೆ. 925 ಎಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಇಂಗ್ಲೆಂಡಿನ ಹಳೆಯ ವಸ್ತುವಾದರೆ ಸಾಮಾನ್ಯವಾಗಿ ನಡೆಯುವ ಸಿಂಹದ ಗುರುತಿರುತ್ತದೆ. ಆದರೆ ಜರ್ಮನಿಯ ಹನಾವ್ ಪಟ್ಟಣದ ಕೆಲವು ಕಾರ್ಖಾನೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಳೆಯ ಕಾಲದವೆಂಬಂತೆ ಕಾಣುವ ಮುದ್ರೆಗಳನ್ನು ಒತ್ತುತ್ತಿದ್ದವು. ಕೆಲಸ ಕೆಟ್ಟದ್ದಲ್ಲ, ವಯಸ್ಸು ಮಾತ್ರ ಸುಳ್ಳು. ತೂಕವನ್ನೂ ಕಣ್ಣುಮುಚ್ಚಿ ನಂಬಬೇಡಿ: ರಾಳದ ಮೇಲೆ ಕಾಗದದಷ್ಟು ತೆಳುವಾದ ಬೆಳ್ಳಿಯ ಪದರ ಹೊದಿಸಿ 925 ಎಂದು ಒತ್ತಿದವು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಉಗುರಿನಿಂದ ತಟ್ಟಿದರೆ ಸದ್ದು ಅಲ್ಲಲ್ಲೇ ಸತ್ತುಹೋಗುತ್ತದೆ. ತಳಕ್ಕೆ ಬಟ್ಟೆ ಅಂಟಿಸಿದ್ದರೆ ಒಳಗೇನಿದೆ ಎಂದು ಕೇಳಿಯೇ ಮುಂದುವರಿಯಿರಿ.

ಮೊದಲ ಖರೀದಿಗೆ ನೀವು ದಿನವೂ ನೋಡುವ ಪ್ರಾಣಿಯನ್ನೇ ಆರಿಸಿಕೊಳ್ಳಿ. ಮೀನುಗಳ ಗೊಡವೆಗೆ ನಾನು ಹೋಗಿಲ್ಲ, ಯಾರು ಬೇಕಾದರೂ ನನ್ನ ತಲೆಗೆ ಟೋಪಿ ಹಾಕಬಹುದು. ಬೆಕ್ಕಿನಲ್ಲಿ ಅದು ಕಷ್ಟ: ಹೊಂಚು ಹಾಕಿ ಕುಳಿತಾಗ ಹೆಗಲಿನ ಮೂಳೆಗಳು ಬೆನ್ನಿಗಿಂತ ಮೇಲೆ ಏಳಬೇಕು, ಎದ್ದಿಲ್ಲದಿದ್ದರೆ ಕೈಗೂ ತೆಗೆದುಕೊಳ್ಳದೆ ವಾಪಸ್ ಬರುತ್ತೇನೆ.