ಒಂದೇ ಕಿಟಕಿಯ ಮನೆಗೆ ಆರು ಗಿಡ ಯಾಕೆ?

ಒಂದೇ ಕಿಟಕಿಯ ಸಣ್ಣ ಮನೆ, ಬೆಳಗ್ಗೆ ಹೋದರೆ ರಾತ್ರಿ ವಾಪಸ್ಸು, ಆರೈಕೆ ಬೇಡದ, ಗಾಳಿಯನ್ನೂ ಶುದ್ಧ ಮಾಡುವ ಐದಾರು ಗಿಡ ಹೇಳಿ ಅಂದಿದ್ದೀರಿ. ಓದಿ ನಗು ಬಂತು. ನಿಮ್ಮನ್ನು ನೋಡಿ ಅಲ್ಲ, ನನ್ನನ್ನೇ ನೆನೆದು. ಆರು ವರ್ಷದ ಹಿಂದೆ ಇದೇ ಪಟ್ಟಿ ಹಿಡಿದು ಹೊರಟಿದ್ದೆ. ಒಂದೇ ದಿನ ಆರು ಗಿಡ ತಂದೆ. ನಾಲ್ಕು ತಿಂಗಳಲ್ಲಿ ಐದು ಹೋದವು. ಹೋದವುಗಳಲ್ಲಿ ಸ್ನೇಕ್ ಪ್ಲಾಂಟ್ ಮತ್ತು ಜೀಜೀ ಪ್ಲಾಂಟ್ ಎರಡೂ ಇದ್ದವು. ಏನು ಮಾಡಿದರೂ ಸಾಯಲ್ಲ ಅಂತ ಊರೆಲ್ಲ ಆಣೆ ಇಟ್ಟು ಹೇಳುವ ಗಿಡಗಳು!

ನೀರು ಹಾಕಲು ಮರೆತೆ ಅಂದುಕೊಳ್ಳಬೇಡಿ. ಮರೆತಿದ್ದರೆ ಬದುಕುತ್ತಿದ್ದವು. ರಾತ್ರಿ ಮನೆಗೆ ಬಂದ ತಕ್ಷಣ ಚಪ್ಪಲಿ ಬಿಡುವ ಮೊದಲೇ ಮಗ್ ಹಿಡಿದು ಒಂದು ಸುತ್ತು. ಪಾಪ, ಇಡೀ ದಿನ ಒಂಟಿಯಾಗಿದ್ದವು ಅಂತ ಒಂದೊಂದಕ್ಕೂ ಅರ್ಧ ಲೋಟ. ಅದೂ ಹೇಗೋ ನಡೆದುಹೋಗುತ್ತಿತ್ತೇನೋ, ಕುಂಡದ ವಿಷಯದಲ್ಲಿ ನಾನು ಜಾಣತನ ತೋರಿಸದೆ ಇದ್ದಿದ್ದರೆ.

ಸಣ್ಣ ಮನೆಯಲ್ಲವೇ, ಪುಸ್ತಕದ ಕಪಾಟಿನ ಮೇಲೂ ಮೇಜಿನ ಮೇಲೂ ಗಿಡ. ನೀರು ಸೋರಿ ಮರ ಹಾಳಾಗಬಾರದು ಅಂತ ಅಡಿಯಲ್ಲಿ ತೂತಿಲ್ಲದ ಬಿಳಿ ಪಿಂಗಾಣಿ ಕುಂಡಗಳನ್ನು ಆರಿಸಿದೆ. ತೂತಿಲ್ಲವಲ್ಲ ಅಂತ ಕೇಳಿದ್ದಕ್ಕೆ ಮಾರುವವರು, "ಕೆಳಗೆ ಎರಡು ಇಂಚು ಬೆಣಚುಕಲ್ಲು ಹಾಕಿ, ಹೆಚ್ಚಾದ ನೀರೆಲ್ಲ ಅಲ್ಲಿಗೆ ಇಳಿಯುತ್ತೆ" ಅಂದರು. ಕೇಳಲು ಎಷ್ಟು ಸರಿ ಅನ್ನಿಸುತ್ತೆ ನೋಡಿ. ನನಗೂ ಅನ್ನಿಸಿತು. ಕಲ್ಲುಗಳನ್ನು ತೊಳೆದು, ಒರೆಸಿ, ಸಾಲಾಗಿ ಜೋಡಿಸಿದೆ.

ಈ ಕಲ್ಲಿನ ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ. ನನ್ನ ಐದು ಗಿಡಗಳ ಋಣ ಇದು.

ಪಾತ್ರೆ ತೊಳೆಯುವ ಒಂದು ಸ್ಪಂಜನ್ನು ನೀರಲ್ಲಿ ಅದ್ದಿ, ಅಡ್ಡವಾಗಿ ಎತ್ತಿ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಅದನ್ನೇ ನೆಟ್ಟಗೆ ನಿಲ್ಲುವಂತೆ ತಿರುಗಿಸಿ. ಮತ್ತೆ ನೀರು ಸುರಿಯುತ್ತೆ. ಅಂದರೆ ಪೂರ್ತಿ ಸೋರಿದೆ ಅಂದುಕೊಂಡ ಸ್ಪಂಜಿನ ತಳದಲ್ಲಿ ನೀರು ಇನ್ನೂ ಕೂತಿತ್ತು. ಮಣ್ಣೂ ಹೀಗೆಯೇ. ಸಣ್ಣ ಕಣಗಳ ನಡುವಿನ ಸಂದಿಯಲ್ಲಿ ನೀರು ಅಂಟಿಕೊಂಡಿರುತ್ತೆ. ಕೆಳಗಿನ ಕಲ್ಲುಗಳ ನಡುವಿನ ಸಂದಿ ದೊಡ್ಡದು, ಅದಕ್ಕೆ ಆ ನೀರನ್ನು ಎಳೆದುಕೊಳ್ಳುವ ಶಕ್ತಿ ಇಲ್ಲ. ಮೇಲಿನ ಮಣ್ಣು ತಳದಲ್ಲಿ ಪೂರ್ತಿ ನೆಂದು ಇನ್ನು ಹಿಡಿಯಲಾರೆ ಅಂದಮೇಲೆಯೇ ಒಂದೊಂದು ಹನಿ ಕಲ್ಲಿಗೆ ಇಳಿಯುವುದು. ಹಾಗಾಗಿ ಕಲ್ಲು ಹಾಕಿದ್ದರಿಂದ ಕೆಸರು ಕೆಳಗೆ ಹೋಗಲಿಲ್ಲ, ಎರಡು ಇಂಚು ಮೇಲಕ್ಕೆ ಬಂತು, ನೇರ ಬೇರಿನ ಬುಡಕ್ಕೆ. ಇಳಿದಷ್ಟು ನೀರಿಗೂ ಹೊರಗೆ ಹೋಗಲು ದಾರಿ ಇಲ್ಲ.

ಬೇರಿಗೂ ಉಸಿರಾಟ ಇದೆ. ಮಣ್ಣಿನ ಸಂದಿಗಳಲ್ಲಿರುವ ಗಾಳಿಯಿಂದ ಅದು ಆಮ್ಲಜನಕ ತೆಗೆದುಕೊಳ್ಳುತ್ತೆ. ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ಆಮ್ಲಜನಕ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನ. ಸಂದಿಗಳೆಲ್ಲ ನೀರು ತುಂಬಿದರೆ ಬೇರು ಉಸಿರುಕಟ್ಟಿ ಸಾಯುತ್ತೆ, ಸತ್ತ ಬೇರಿಗೆ ಕೊಳೆ ರೋಗ ಹಿಡಿಯುತ್ತೆ. ಇಲ್ಲೇ ನಾನು ಪೂರ್ತಿ ಮೋಸ ಹೋಗಿದ್ದು. ಬೇರು ಸತ್ತ ಗಿಡ ನೀರು ಎಳೆಯಲಾರದು, ಆಗ ಎಲೆ ಜೋತು ಬೀಳುತ್ತೆ. ಬಾಯಾರಿದ ಗಿಡವೂ ಹಾಗೆಯೇ ಜೋತು ಬೀಳುತ್ತೆ. ಆ ಆರರಲ್ಲೊಂದಾದ ಪೀಸ್ ಲಿಲ್ಲಿ ತಲೆ ಬಗ್ಗಿಸಿದ್ದು ನೋಡಿ ಅಯ್ಯೋ ಅಂತ ಇನ್ನೂ ಒಂದು ಲೋಟ ಹಾಕಿದೆ. ಮುಳುಗುತ್ತಿರುವವನಿಗೆ ನೀರು ಕುಡಿಸಿದ ಹಾಗೆ.

ಸ್ನೇಕ್ ಪ್ಲಾಂಟ್ ಅಷ್ಟೂ ದಿನ ನೆಟ್ಟಗೆ ನಿಂತಿತ್ತು. ಒಂದು ಭಾನುವಾರ ಧೂಳು ಒರೆಸುವಾಗ ಒಂದು ಎಲೆ ಕೈಯಲ್ಲೇ ಬಂತು. ಬುಡ ಕೊಳೆತು ಲೋಳೆ. ಆ ವಾಸನೆ ಎರಡು ದಿನ ಮನೆಯಲ್ಲಿತ್ತು. ಜೀಜೀ ಗಿಡಕ್ಕೆ ಮಣ್ಣಿನೊಳಗೆ ಆಲೂಗೆಡ್ಡೆಯಂಥ ಗೆಡ್ಡೆಗಳಿರುತ್ತವೆ, ತಿಂಗಳುಗಟ್ಟಲೆ ಬೇಕಾಗುವ ನೀರನ್ನು ಅದರಲ್ಲೇ ಕೂಡಿಟ್ಟುಕೊಳ್ಳುತ್ತೆ. ಅಂಥದ್ದಕ್ಕೆ ನಾನು ದಿನಾ ನೀರು!

ಈಗ ನಿಮ್ಮ ಪ್ರಶ್ನೆ. "ಆರೈಕೆ ಬೇಡದ" ಅನ್ನುವ ಮಾತನ್ನೇ ನಾನು ಒಪ್ಪುವುದಿಲ್ಲ. ನಿಮಗೆ ಪುರುಸೊತ್ತಿಲ್ಲ ಎನ್ನುವುದು ಗಿಡಕ್ಕೆ ವರ, ಅದನ್ನು ಕೊರತೆ ಅಂದುಕೊಂಡಿದ್ದೀರಿ. ಮನೆಯೊಳಗಿನ ಗಿಡಗಳನ್ನು ಕೊಲ್ಲುವವರು ಹೆಚ್ಚಾಗಿ ನನ್ನಂಥ ಅಕ್ಕರೆಯವರೇ.

ಗಾಳಿ ಶುದ್ಧ ಮಾಡುವ ಆಸೆಯನ್ನೂ ಬಿಡಿ. ಆ ಕಥೆ ಬಹುಮಟ್ಟಿಗೆ ಹುಟ್ಟಿದ್ದು 1989ರ ನಾಸಾ ಅಧ್ಯಯನದಿಂದ. ಆ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಹಲವು ಪ್ರಯೋಗಗಳ ಲೆಕ್ಕವನ್ನು 2019ರಲ್ಲಿ ಮತ್ತೆ ಹಾಕಿದವರು, ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿ ಮಾಡುವ ಕೆಲಸಕ್ಕೆ ಸಮ ಬರಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಅಂದರು. ಹತ್ತೇ ಇಟ್ಟರೂ ನೀವು ಮಲಗುವುದೆಲ್ಲಿ? ಕಿಟಕಿ ತೆಗೆಯಿರಿ.

ಕಿಟಕಿ ಅಂದೆ, ಗಿಡದ ಹೆಸರು ಕೇಳುವ ಮೊದಲು ಅದನ್ನೇ ನೋಡಬೇಕಿತ್ತು ನೀವು. ನಮ್ಮ ಕಣ್ಣು ಮಂದ ಬೆಳಕಿಗೆ ಹೊಂದಿಕೊಂಡುಬಿಡುತ್ತೆ, ಹಾಗಾಗಿ ಕೋಣೆಯೆಲ್ಲ ಒಂದೇ ಬೆಳಕು ಅನ್ನಿಸುತ್ತೆ. ಹೊರಗಿನ ಬಿಸಿಲು ಲಕ್ಷ ಲಕ್ಸ್ (ಬೆಳಕು ಅಳೆಯುವ ಮಾನ) ಆಸುಪಾಸು ಇದ್ದರೆ, ಕೋಣೆಯ ಆ ಕಡೆಯ ಮೂಲೆಯಲ್ಲಿ ನೂರಿನ್ನೂರು ಇದ್ದರೆ ಹೆಚ್ಚು. ಅಲ್ಲಿಟ್ಟ ಗಿಡ ಸಾಯದೆ ಇರಬಹುದು, ಆದರೆ ಬೆಳೆಯುವುದಿಲ್ಲ. ಬೆಳೆಯದ ಗಿಡ ಹೆಚ್ಚು ನೀರು ಕುಡಿಯುವುದಿಲ್ಲ, ನೀವು ಹಾಕಿದ್ದು ಹಾಗೇ ನಿಲ್ಲುತ್ತೆ. ಒಂದೇ ಕಿಟಕಿ ಅಂದಮೇಲೆ, ಅದರಿಂದ ಒಂದು ತೋಳಿನಷ್ಟು ದೂರದೊಳಗೆ ಎಷ್ಟು ಕುಂಡ ಹಿಡಿಯುತ್ತೋ ಅಷ್ಟೇ ನಿಮ್ಮ ಗಿಡ. ಮೊದಲು ಒಂದು ತನ್ನಿ.

ಯಾವುದು? ಎಲ್ಲರೂ ಸ್ನೇಕ್ ಪ್ಲಾಂಟ್ ಅನ್ನುತ್ತಾರೆ. ನಾನು ಮನಿ ಪ್ಲಾಂಟ್ ಅನ್ನುತ್ತೇನೆ. ಸ್ನೇಕ್ ಪ್ಲಾಂಟ್ ಒಳಗೆ ಸಾಯುತ್ತಿದ್ದರೂ ಹೊರಗೆ ಮುಖ ತೋರಿಸಲ್ಲ. ಮನಿ ಪ್ಲಾಂಟ್ ಬಾಯಾರಿದರೆ ಎಲೆ ಸೊರಗಿಸಿ ಹೇಳುತ್ತೆ, ನೀರು ಕೊಟ್ಟರೆ ಕೆಲವೇ ಗಂಟೆಯಲ್ಲಿ ಎದ್ದು ನಿಲ್ಲುತ್ತೆ. ಹೊಸಬರಿಗೆ ಹೀಗೆ ಮಾತಾಡುವ ಗಿಡವೇ ಬೇಕು. ನನ್ನ ಆರರಲ್ಲಿ ಉಳಿದದ್ದೂ ಅದೇ, ಅದೂ ಒಂದು ಬಳ್ಳಿ ಕತ್ತರಿಸಿ ಬಾಟಲಿಯ ನೀರಿಗೆ ಹಾಕಿದ್ದರಿಂದ. ಬೇರಿಗೆ ಗಾಳಿ ಬೇಕು ಅಂತೀರಿ, ಬಾಟಲಿಯಲ್ಲಿ ಹೇಗೆ ಬದುಕಿತು ಅಂತ ಕೇಳಬಹುದು. ನೀರಿನಲ್ಲೇ ಹುಟ್ಟಿದ ಬೇರು ಬೇರೆ ಥರ, ಆ ಬದುಕಿಗೆ ಹೊಂದಿಕೊಂಡೇ ಬೆಳೆದಿರುತ್ತೆ. ವಾರಕ್ಕೊಮ್ಮೆ ನೀರು ಬದಲಿಸಿದರೆ ಸಾಕು. ಮಣ್ಣಿನಲ್ಲಿ ಬೆಳೆದ ಬೇರನ್ನು ದಿಢೀರನೆ ಕೆಸರಲ್ಲಿ ಮುಳುಗಿಸಿದರೆ ಅದು ತಡೆಯಲ್ಲ.

ಮನೆಯಲ್ಲಿ ಬೆಕ್ಕೋ ತೆವಳುವ ಮಗುವೋ ಇದ್ದರೆ ಮಾತ್ರ ಮನಿ ಪ್ಲಾಂಟ್, ಜೀಜೀ, ಪೀಸ್ ಲಿಲ್ಲಿ ಮೂರೂ ಬೇಡ. ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತೆ. ಆಗ ಸ್ಪೈಡರ್ ಪ್ಲಾಂಟ್ ತನ್ನಿ, ಅದರಲ್ಲಿ ವಿಷವಿಲ್ಲ.

ಕುಂಡಕ್ಕೆ ತೂತಿರಲಿ, ಕೆಳಗೊಂದು ತಟ್ಟೆ ಇರಲಿ, ಕಲ್ಲು ಬೇಡ. ವಾರಕ್ಕಿಷ್ಟು ಸಲ ಅನ್ನುವ ಲೆಕ್ಕ ಇಟ್ಟುಕೊಳ್ಳಬೇಡಿ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ, ತಂಪು ಅನ್ನಿಸಿದರೆ ಸುಮ್ಮನೆ ಬನ್ನಿ. ಒಣಗಿದ್ದರೆ ತಟ್ಟೆಗೆ ಇಳಿಯುವಷ್ಟು ಹಾಕಿ, ಆಮೇಲೆ ತಟ್ಟೆಯ ನೀರು ಚೆಲ್ಲಿ.

ಅಂದಹಾಗೆ, ಕೈಯಲ್ಲಿ ಬಂದ ಆ ಸ್ನೇಕ್ ಪ್ಲಾಂಟ್ ಎಲೆಯ ಕೊಳೆಯದ ಭಾಗವನ್ನು ಮೂರು ತುಂಡು ಮಾಡಿ, ಎರಡು ದಿನ ಒಣಗಿಸಿ, ಮರಳಿನಲ್ಲಿ ಚುಚ್ಚಿಟ್ಟಿದ್ದೆ. ಒಂದನ್ನು ತಲೆಕೆಳಗಾಗಿ ಚುಚ್ಚಿದ್ದೆ, ಅದು ಬರಲೇ ಇಲ್ಲ. ಬುಡದ ಕಡೆಗೆ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಬೇಕಂತೆ. ಉಳಿದೆರಡು ತಿಂಗಳುಗಳ ನಂತರ ಮರಿ ಹಾಕಿದವು. ತಾಯಿ ಗಿಡದ ಹಳದಿ ಅಂಚು ಮರಿಗಳಿಗೆ ಬಂದಿಲ್ಲ, ಎಲೆಯಿಂದ ಬೆಳೆಸಿದರೆ ಅದು ಬರುವುದೂ ಇಲ್ಲ. ಬರೀ ಹಸಿರು ಗಿಡ, ಕಿಟಕಿಯ ಹತ್ತಿರವೇ ಇದೆ. ನೀರು ಕಂಡು ಹದಿನೆಂಟು ದಿನ ಆಯ್ತು.