ಐದು ಅಡಿ ಒಂಬತ್ತು ಇಂಚಿನ ಲೈನ್‌ಬ್ಯಾಕರ್

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಈತ ಅಮೆರಿಕದ ಕಾಲೇಜೊಂದರ ಅಂತಿಮ ವರ್ಷದ ವಿದ್ಯಾರ್ಥಿ, ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡದ ಲೈನ್‌ಬ್ಯಾಕರ್. ಚೆಂಡು ಹಿಡಿದು ನುಗ್ಗುವವನನ್ನು ಅಡ್ಡಗಟ್ಟಿ ಕೆಡಹುವುದು ಅವನ ಕೆಲಸ. ಆ ಆಟದ ಅತಿ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಆ ಜಾಗದಲ್ಲಿ ಆಡುವವರು ಸಾಮಾನ್ಯವಾಗಿ ಆರು ಅಡಿ ದಾಟಿರುತ್ತಾರೆ.

ನಿದ್ದೆ ಬರುತ್ತಿಲ್ಲವೆಂದು ನನ್ನ ಬಳಿ ಸಲಹೆಗೆ ಬಂದವನು ಚೀಲದಿಂದ ಒಂದು ಪುಟ್ಟ ಪುಸ್ತಕ ತೆಗೆದ. ಪುಟಗಳ ತುಂಬ ಬೆಳಗಿನ ತೂಕ, ರಾತ್ರಿಯ ತೂಕ. ತೂಗುವ ಮುನ್ನ ಗಟಗಟನೆ ಕುಡಿದ ನೀರಿನ ಲೆಕ್ಕವೂ ಇತ್ತು. ತೂಕ ಹೆಚ್ಚಿಸಲು ಅಲಾರಂ ಇಟ್ಟು ನಡುರಾತ್ರಿ ಎದ್ದು ತಿನ್ನುತ್ತಿದ್ದ, ಎಷ್ಟೋ ಸಲ ತಿಂದದ್ದೆಲ್ಲ ವಾಂತಿಯಾಗುತ್ತಿತ್ತು. ವ್ಯಾಯಾಮಶಾಲೆಯಲ್ಲಿ ಯಾರೋ ಸ್ಟೆರಾಯ್ಡ್ ಮಾತ್ರೆ ಕೊಡಲು ಮುಂದೆ ಬಂದಿದ್ದರು. ‘ಎತ್ತರವಂತೂ ನನ್ನ ಕೈಯಲ್ಲಿಲ್ಲ, ತೂಕವಾದರೂ ಇರಲಿ’ ಎಂದ. ಆ ಮಾತಿಗೆ ನನ್ನ ಕರುಳು ಚುರ್ ಎಂದಿತು.

ಮೊದಲು ವೈದ್ಯರನ್ನೂ ಕ್ರೀಡಾ ಆಹಾರತಜ್ಞರನ್ನೂ ಕಾಣಲು ಕಳಿಸಿದೆ. ಮಾತ್ರೆಯ ವಿಷಯದಲ್ಲಿ ಸುತ್ತಿ ಬಳಸಿ ಹೇಳಲಿಲ್ಲ: ಸಿಕ್ಕಿಬಿದ್ದರೆ ಆಟ ಹೋಗುತ್ತದೆ, ಸಿಕ್ಕಿಬೀಳದಿದ್ದರೂ ಹೃದಯಕ್ಕೂ ಯಕೃತ್ತಿಗೂ ಅಪಾಯ ತಪ್ಪಿದ್ದಲ್ಲ.

ಮುಂದಿನ ಭೇಟಿಗಳಲ್ಲಿ ಸ್ಯಾಮ್ ಮಿಲ್ಸ್ ವಿಷಯ ಅವನೇ ಎತ್ತಿದ. ಅವರೂ ಲೈನ್‌ಬ್ಯಾಕರ್, ಎತ್ತರ ಇವನಷ್ಟೇ. ಎನ್‌ಎಫ್‌ಎಲ್ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಅವರನ್ನು ಯಾರೂ ಆರಿಸಲಿಲ್ಲ. 1981ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್, ಮರುವರ್ಷ ಕೆನಡಾದ ಟೊರಾಂಟೊ ಆರ್ಗೊನಾಟ್ಸ್ ಕೈಬಿಟ್ಟವು. ಶಾಲಾ ಮೇಷ್ಟರಾದರು. 1983ರಲ್ಲಿ ಹೊಸದಾಗಿ ಶುರುವಾದ ಯುಎಸ್‌ಎಫ್‌ಎಲ್ ಲೀಗಿನ ಫಿಲಡೆಲ್ಫಿಯಾ ಸ್ಟಾರ್ಸ್ ಸೇರಿಸಿಕೊಂಡಿತು. 1986ರಲ್ಲಿ ಎನ್‌ಎಫ್‌ಎಲ್‌ನ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಸೇರಿದರು. ಆಟದ ಮಹಾನ್ ಆಟಗಾರರಿಗೆ ಸಲ್ಲುವ ಹಾಲ್ ಆಫ್ ಫೇಮ್ ಗೌರವ ಬಂದದ್ದು 2022ರಲ್ಲಿ, ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ.

‘ಅವರ ಕಥೆಯಲ್ಲಿ ನಿನಗೆ ಹಿಡಿಸಿದ್ದು ಯಾವುದು?’ ಎಂದು ಕೇಳಿದೆ. ಛಲ ಎಂದ. ನನಗೆ ಮುಖ್ಯವೆನಿಸಿದ್ದು ನಡುವಿನ ಕಾಲ: ಬದುಕಲು ಕೈಯಲ್ಲೊಂದು ಕೆಲಸವಿತ್ತು, ಹೊಸ ಲೀಗ್ ಬಾಗಿಲು ತೆರೆದಾಗ ಮೈ ಆಟಕ್ಕೆ ಸಿದ್ಧವಿತ್ತು. ಛಲವಿದ್ದೂ ಎಲ್ಲಿಗೂ ತಲುಪದವರು ಎಷ್ಟು ಜನವೋ, ಅವರ ಹೆಸರು ನಮಗೆ ಸಿಗುವುದಿಲ್ಲ. ಇದನ್ನು ಇಪ್ಪತ್ತೆರಡರ ಹುಡುಗನಿಗೆ ಹೇಳುವುದು ಕಷ್ಟ. ಬಚ್ಚಿಡುವುದು ಮಾತ್ರ ಅನ್ಯಾಯ.

ಕೊಟ್ಟ ಸಲಹೆ ಹೀಗಿತ್ತು. ಏಳು ಸುತ್ತಿನ ಡ್ರಾಫ್ಟ್‌ನಲ್ಲಿ ಹೆಸರು ಬಾರದಿದ್ದರೂ ತಂಡಗಳು ಶಿಬಿರಕ್ಕೆ ಕರೆಯುವುದುಂಟು. ಅಲ್ಲಿ ಚೆಂಡನ್ನು ಒದೆಯುವ ಸಂದರ್ಭಗಳಲ್ಲಷ್ಟೇ ಕಣಕ್ಕಿಳಿಯುವ ವಿಶೇಷ ಪಡೆಗಳಲ್ಲಿ ಜಾಗ ಗಿಟ್ಟಿಸು. ಕೆನಡಾದ ಲೀಗ್ ಕಡೆಗೂ ನೋಡು. ಮೈದಾನ 65 ಗಜ ಅಗಲ, ಹನ್ನೆರಡು ಮಂದಿಯ ಆಟ, ಚುರುಕು ಕಾಲಿಗೆ ಬೆಲೆ ಹೆಚ್ಚು. ಸಂಬಳ ಮಾತ್ರ ಕಡಿಮೆ. ಎರಡು ಋತುಗಳ ಗಡುವು ಹಾಕಿಕೊಂಡು ಅದನ್ನು ಬರೆದಿಡು. ಪದವಿ ಮುಗಿಸು. ತೂಕವನ್ನು ವಾರಕ್ಕೊಮ್ಮೆ, ಆಹಾರತಜ್ಞರ ಎದುರೇ ನೋಡು.

ಅವನ ತಂದೆಯೊಡನೆಯೂ, ಅವನ ಒಪ್ಪಿಗೆ ಪಡೆದು, ಮಾತನಾಡಿದೆ. ಫೋನ್ ಮಾಡಿದಾಗಲೆಲ್ಲ ಅವರ ಮೊದಲ ಪ್ರಶ್ನೆ ತೂಕದ್ದೇ ಆಗಿತ್ತು. ಸ್ವಲ್ಪ ದಿನ ಅದನ್ನು ಕೇಳಬೇಡಿ ಎಂದೆ, ಒಪ್ಪಿದರು.

ಈಗ ರಾತ್ರಿಯ ಅಲಾರಂ ನಿಂತಿದೆ, ನಿದ್ದೆ ಸುಧಾರಿಸಿದೆ. ಪದವಿಗೆ ಬಾಕಿಯಿದ್ದ ವಿಷಯಗಳಿಗೆ ನೋಂದಾಯಿಸಿಕೊಂಡಿದ್ದಾನೆ. ಆಟದ ವಿಡಿಯೊಗಳನ್ನು ಕೆನಡಾದ ತಂಡಗಳಿಗೆ ಕಳಿಸಿದ್ದಾನೆ, ಉತ್ತರ ಬಂದಿಲ್ಲ. ನಮ್ಮ ಭೇಟಿಗಳು ಮುಂದುವರಿದಿವೆ.